ಸೋಮವಾರದ ಜಾಯಿಂಟ್‌ಗಳು

ಟೆಸ್ಟ್ ನಡೆಯುತ್ತಿರುವಾಗ ಹುಡುಗ ಹೋಲ್ಡರ್ ಕೆಳಗಿಟ್ಟ. ಹೆಲ್ಮೆಟ್ ಎತ್ತಿದ. ಸುಮ್ಮನೆ ಪೈಪ್ ನೋಡುತ್ತಾ ಕೂತ. ಒಂದು ಕಡೆ ಥರ್ಡ್ ಪಾರ್ಟಿ ಇನ್‌ಸ್ಪೆಕ್ಟರ್, ಇನ್ನೊಂದು ಕಡೆ ನಮ್ಮ ಪ್ರೊಡಕ್ಷನ್ ಮ್ಯಾನೇಜರ್. ನಡುವೆ ಫೋರ್‌ಮನ್ ನಾನು. ಕಳೆದ ಮಳೆಗಾಲದಲ್ಲಿ ಪೀಣ್ಯದ ನಮ್ಮ ಶೆಡ್‌ನಲ್ಲಿ ನಡೆದದ್ದು ಇದು. ವೆಲ್ಡಿಂಗ್ ಕಲಿಯಲು ಬರುವ ಹುಡುಗರಿಗೆ ಇದನ್ನು ಹೇಳಲೇಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ.

ಹುಡುಗ ಪಾವಗಡದ ಕಡೆಯವನು. ಐಟಿಐನಲ್ಲಿ ಒಂದು ವರ್ಷದ ವೆಲ್ಡರ್ ಟ್ರೇಡ್ ಮುಗಿಸಿ ನಮ್ಮಲ್ಲಿ ಅಪ್ರೆಂಟಿಸ್ ಆಗಿ ಸೇರಿದ. ಐಟಿಐನಲ್ಲಿ ಅವನು ಮಾಡಿದ್ದೆಲ್ಲ 6013 ನಂಬರಿನ ವೆಲ್ಡಿಂಗ್ ರಾಡ್‌ನಲ್ಲಿ, ಟೇಬಲ್ ಮೇಲಿಟ್ಟ ಪ್ಲೇಟ್ ಮೇಲೆ. ಪೈಪ್ ಮುಟ್ಟಿದ್ದು ಕಮ್ಮಿ. ಇದು ಅವನೊಬ್ಬನ ಕಥೆಯಲ್ಲ. ನಮ್ಮಲ್ಲಿಗೆ ಬರುವ ಹುಡುಗರಲ್ಲಿ ಹೆಚ್ಚಿನವರು ಹೀಗೇ ಬರುತ್ತಾರೆ. ಅವರ ತಪ್ಪೇನಿಲ್ಲ. ರಾಡ್ ಸುಟ್ಟರೆ ತಾನೇ ಕೈ ಕೂರುವುದು? ಸುಡಲು ರಾಡ್ ಕೊಡುವವರು ಯಾರು?

ನಮ್ಮ ಕಂಪನಿಯೂ ಕೊಡಲಿಲ್ಲ. ಅವನ ಕೈಗೆ ಗ್ರೈಂಡರ್ ಕೊಟ್ಟರು. ಫಿಟರ್ ಹಿಂದೆ ಪೈಪ್ ಅಂಚನ್ನು ಓರೆ ಮಾಡುವ ಬೆವೆಲ್ ಹೊಡೆಯುವುದು, ವೆಲ್ಡರ್ ಹಿಂದೆ ವೆಲ್ಡ್ ಮೇಲೆ ಕೂತ ಸ್ಲ್ಯಾಗ್ ಪದರ ತೆಗೆಯುವುದು, ರಿಪೇರಿ ಬಂದ ಜಾಯಿಂಟ್ ಅಗೆಯುವುದು. ಪ್ರಾಕ್ಟೀಸ್‌ಗೆ ಪೈಪ್ ತುಂಡು ಕೇಳಿದರೆ, 'ಅದು ಸ್ಕ್ರ್ಯಾಪ್ ಲೆಕ್ಕದಲ್ಲಿ ಹೋಗುತ್ತೆ, ಮುಟ್ಟಬೇಡಿ' ಅನ್ನುತ್ತಿದ್ದರು. ಒಳ್ಳೆಯ ವೆಲ್ಡರ್ ಸಿಗುತ್ತಿಲ್ಲ ಅಂತ ಪ್ರತಿ ಮೀಟಿಂಗ್‌ನಲ್ಲಿ ಅಳುವವರೂ ಇವರೇ. ಕೊನೆಗೆ ಸ್ಟೋರ್‌ನವರ ಹತ್ತಿರ ಮಾತಾಡಿ, ಶಿಫ್ಟ್ ಮುಗಿದ ಮೇಲೆ ಆರಿಂಚಿನ ತುಂಡುಗಳನ್ನು ಅವನಿಗೆ ಕೊಡಿಸಿದೆ. ಮೊದಲು ಪೈಪ್ ನೆಟ್ಟಗೆ ನಿಲ್ಲಿಸಿ ಮಾಡುವ 2ಜಿ, ಆಮೇಲೆ ಅಡ್ಡ ಮಲಗಿಸಿ ಮಾಡುವ 5ಜಿ. ತಳದ ಮೊದಲ ಪದರ, ಅಂದರೆ ರೂಟ್, ಗ್ಯಾಸ್ ಬಳಸುವ ಟಿಗ್ ವೆಲ್ಡಿಂಗ್‌ನಲ್ಲಿ, ಮೇಲಿನ ಪದರಗಳು 7018 ರಾಡ್‌ನಲ್ಲಿ. ಅವನು ಮಾಡಿದ ಪ್ರತಿ ತುಂಡನ್ನೂ ಕತ್ತರಿಸಿ ಒಳಗೆ ನೋಡುತ್ತಿದ್ದೆವು. ಮೇಲಿನ ಕ್ಯಾಪ್ ಎಷ್ಟು ಚೆಂದ ಇದ್ದರೂ ನನಗೆ ಬೇಡ. ಕತ್ತರಿಸಿದಾಗ ಕಂಡದ್ದೇ ನಿಜ.

6ಜಿ ಟೆಸ್ಟ್ ಅಂದರೆ ನಮ್ಮ ಲೈನಿನಲ್ಲಿ ಎಲ್ಲರಿಗೂ ಭಯ. ಪೈಪ್ 45 ಡಿಗ್ರಿ ವಾಲಿರುತ್ತದೆ, ತಿರುಗಿಸುವ ಹಾಗಿಲ್ಲ. ವೆಲ್ಡರೇ ಅದರ ಸುತ್ತ ಸುತ್ತಬೇಕು. ಒಂದೇ ಜಾಯಿಂಟ್‌ನಲ್ಲಿ ಓವರ್‌ಹೆಡ್, ವರ್ಟಿಕಲ್, ಫ್ಲ್ಯಾಟ್ ಎಲ್ಲ ಬಂದು ಹೋಗುತ್ತದೆ. ಅದಕ್ಕೇ ಅಮೆರಿಕದ ಇಂಜಿನಿಯರುಗಳ ಸಂಸ್ಥೆ ಎಎಸ್‌ಎಂಇಯ ಕೋಡ್‌ನ ಸೆಕ್ಷನ್ 9ರ ಪ್ರಕಾರ ಗ್ರೂವ್ ವೆಲ್ಡ್‌ನಲ್ಲಿ, ಅಂದರೆ ಓರೆ ಅಂಚುಗಳ ನಡುವೆ ತುಂಬುವ ಜಾಯಿಂಟ್‌ನಲ್ಲಿ, 6ಜಿ ಪಾಸಾದವನಿಗೆ ಉಳಿದ ಎಲ್ಲ ಪೊಸಿಷನ್‌ಗೂ ಅನುಮತಿ ಸಿಗುತ್ತದೆ. ಗಲ್ಫ್‌ಗೆ ಹೋಗುವ ಹುಡುಗರು ಮೊದಲು ಕೇಳುವುದೂ ಇದನ್ನೇ.

ಅವತ್ತಿನ 6ಜಿ ಟೆಸ್ಟ್‌ಗೆ ಕೂಪನ್, ಅಂದರೆ ಪೈಪ್ ತುಂಡು, ಆರಿಂಚು, ಶೆಡ್ಯೂಲ್ 80. ಸುಮಾರು 11 ಎಂಎಂ ದಪ್ಪ. ಇನ್‌ಸ್ಪೆಕ್ಟರ್ ಫಿಟ್‌ಅಪ್ ನೋಡಿದರು, ಗ್ಯಾಪ್ ನೋಡಿದರು, ಪೈಪ್ ಮೇಲೆ ಪಂಚ್ ಹೊಡೆದರು. ಹುಡುಗ ಕೆಳಗೆ ಮಲಗಿ ಪೈಪಿನ ತಳದಿಂದ, ಗಡಿಯಾರದ ಆರು ಗಂಟೆಯ ಜಾಗದಿಂದ, ಶುರು ಮಾಡಿದ. ರೂಟ್ ಮುಗಿದಾಗ ಇನ್‌ಸ್ಪೆಕ್ಟರ್ ಟಾರ್ಚ್ ಹಾಕಿ ಒಳಗೆ ನೋಡಿ ತಲೆ ಆಡಿಸಿದರು. ಪೆನೆಟ್ರೇಷನ್ ಸುತ್ತಲೂ ಒಂದೇ ಸಮ. ಟಿಗ್‌ನಲ್ಲೇ ಎರಡನೇ ಪದರ, ಹಾಟ್ ಪಾಸ್, ಕೂಡ ಮುಗಿಯಿತು. ನನಗೆ ಅರ್ಧ ಉಸಿರು ಬಂತು.

ಆಮೇಲೆ ಸ್ಟೋರ್‌ನಿಂದ ಬಂದ 7018 ಹಚ್ಚಿದ. ಮೊದಲ ರಾಡೇ ಹಸಿ ಸೌದೆ ಒಲೆಗಿಟ್ಟ ಹಾಗೆ ಚಟಪಟ ಅಂದಿತು. ಅರ್ಧ ರಾಡ್ ಸುಟ್ಟಿರಬೇಕು, ಅಷ್ಟಕ್ಕೇ ನಿಲ್ಲಿಸಿದ. ಸ್ಲ್ಯಾಗ್ ಕುಟ್ಟಿ, ಬ್ರಷ್ ಹಾಕಿ, ಮೂಗು ತಾಗುವಷ್ಟು ಬಗ್ಗಿ ನೋಡಿದ. ಕೂತುಬಿಟ್ಟ.

ಹುಡುಗ ಹೆದರಿದ ಅಂತಲೇ ನಾನು ಅಂದುಕೊಂಡೆ. ಟೆಸ್ಟ್‌ನಲ್ಲಿ ಹೀಗಾಗುವುದನ್ನು ನೋಡಿದ್ದೇನೆ. ಕಷ್ಟದ ರೂಟ್ ದಾಟಿದ ಮೇಲೆ ಮನಸ್ಸು ಸಡಿಲ ಆಗುತ್ತದೆ, ಕೈ ನಡುಗಲು ಶುರುವಾಗುತ್ತದೆ. ಅವನ ಕೈಯನ್ನೇ ನೋಡುತ್ತಿದ್ದೆ. ಗ್ಲೌಸ್ ತೆಗೆದು ಬೆವರು ಒರೆಸಿಕೊಂಡ. ನೀರು ಕುಡಿದ. ಅದನ್ನೂ ನಾನು ಭಯದ ಲೆಕ್ಕಕ್ಕೇ ಸೇರಿಸಿದೆ. 'ಏನ್ರೀ ಇವನು, ಮಧ್ಯದಲ್ಲಿ ಪೂಜೆ ಮಾಡ್ತಾ ಇದಾನಾ?' ಅಂತ ಮ್ಯಾನೇಜರ್ ನನ್ನ ಮೇಲೆ ರೇಗಿದರು. ಇನ್‌ಸ್ಪೆಕ್ಟರ್ ಏನೂ ಹೇಳಲಿಲ್ಲ. ಅವರು ಪೆನ್ ತೆರೆದು ಹಿಡಿದುಕೊಂಡಿದ್ದರು. ಆ ಪೆನ್ ನೋಡಿ ನನಗೆ ಇನ್ನೂ ಭಯ ಆಯಿತು.

ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, 'ಏನಾಯ್ತೋ? ಕೈ ಸರಿ ಇದೆಯಾ?'

'ಕೈ ಸರಿ ಇದೆ ಅಣ್ಣ. ರಾಡ್ ಸರಿ ಇಲ್ಲ. ಪಿನ್‌ಹೋಲ್ ಬಿದ್ದಿದೆ ನೋಡಿ.'

ಬಗ್ಗಿ ನೋಡಿದೆ. ಸೂಜಿ ಚುಚ್ಚಿದ ಹಾಗೆ ಸಾಲಾಗಿ ತೂತುಗಳು. ಆರ್ಕ್ ಉದ್ದ ಆದರೂ ಹೀಗೆ ಬೀಳುತ್ತದೆ, ಅದನ್ನೇ ಹೇಳಿದೆ. ಅವನು ತಲೆ ಅಲ್ಲಾಡಿಸಿದ.

'ಇವತ್ತು ಸೋಮವಾರ ಅಲ್ವಾ ಅಣ್ಣ. ಸೋಮವಾರದ ಜಾಯಿಂಟ್‌ಗಳಲ್ಲೇ ತೂತು ಜಾಸ್ತಿ. ನಾನೇ ಅಗೆದಿದ್ದೀನಲ್ಲ.'

ಅವನು ಏನು ಹೇಳುತ್ತಿದ್ದಾನೆ ಅಂತ ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸೀದಾ ಸ್ಟೋರ್‌ಗೆ ಹೋದೆ. ರಾಡ್ ಬೇಯಿಸುವ ಮದರ್ ಓವನ್ ತಣ್ಣಗಿತ್ತು. ಶನಿವಾರ ಸಂಜೆ ಓವನ್ ಆಫ್ ಮಾಡಿ, ಸೋಮವಾರ ಬೆಳಿಗ್ಗೆ ಬಂದು ಆನ್ ಮಾಡುವುದು ರೂಢಿಯಾಗಿತ್ತು. ಕರೆಂಟ್ ಬಿಲ್ ಉಳಿಸಿ ಅಂತ ಮೇಲಿನಿಂದ ಬಂದ ಮಾತು. ಅವತ್ತು ಆನ್ ಮಾಡಲೂ ಮರೆತಿದ್ದರು. ಭಾನುವಾರ ಇಡೀ ದಿನ ಮಳೆ. ಬಿಚ್ಚಿದ ಪ್ಯಾಕೆಟ್ ಗಾಳಿಯ ತೇವ ಎಲ್ಲ ಕುಡಿದು ಕೂತಿತ್ತು.

7018ರ ಮೇಲಿನ ಲೇಪಕ್ಕೆ ತೇವ ಅಂದರೆ ಆಗದು. ಆರ್ಕ್‌ನ ಶಾಖಕ್ಕೆ ಆ ನೀರು ಒಡೆದು ಹೈಡ್ರೋಜನ್ ಆಗುತ್ತದೆ. ತೂತು ಬಿದ್ದರೆ ಪುಣ್ಯ, ಕಣ್ಣಿಗೆ ಕಾಣುತ್ತದೆ. ಕಾಣದ ಹೈಡ್ರೋಜನ್ ಉಕ್ಕಿನೊಳಗೆ ಉಳಿದರೆ, ಗಟ್ಟಿ ಉಕ್ಕಿನಲ್ಲಿ, ದಪ್ಪ ಜಾಯಿಂಟ್‌ನಲ್ಲಿ, ವೆಲ್ಡ್ ಮುಗಿದು ಒಂದೆರಡು ದಿನ ಆದ ಮೇಲೂ ಬಿರುಕು ಬಿಡಬಹುದು. ಅದಕ್ಕೇ ಈ ರಾಡನ್ನು ತಯಾರಿಸಿದವರು ಹೇಳಿದ ಶಾಖದಲ್ಲಿ, ಸಾಮಾನ್ಯವಾಗಿ 300 ಡಿಗ್ರಿ ದಾಟಿ, ಒಂದೆರಡು ಗಂಟೆ ಬೇಯಿಸಬೇಕು. ಆಮೇಲೂ ಬಿಸಿಯಾದ ಕ್ವಿವರ್ ಡಬ್ಬಿಯಲ್ಲೇ ಇಟ್ಟು ಒಂದೊಂದೇ ತೆಗೆಯಬೇಕು. ಇದೆಲ್ಲ ನನಗೆ ಬಾಯಿಪಾಠ. ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ. ಆದರೆ ಸೋಮವಾರಕ್ಕೂ ತೂತಿಗೂ ಗಂಟು ಹಾಕಿದ್ದು ಗ್ರೈಂಡರ್ ಹಿಡಿದ ಹುಡುಗ. ಗುಣಮಟ್ಟ ನೋಡುವ ನಮ್ಮ ಕ್ಯೂಸಿಯವರ ಹತ್ತಿರ ರಿಪೇರಿ ರಿಜಿಸ್ಟರ್ ಇದೆ, ಎಕ್ಸೆಲ್ ಇದೆ. ಯಾವ ಜಾಯಿಂಟ್, ಯಾವ ವೆಲ್ಡರ್ ಅಂತ ಇದೆ. ವಾರದ ಯಾವ ದಿನ ಅಂತ ಒಬ್ಬರೂ ನೋಡಿರಲಿಲ್ಲ.

ಇನ್‌ಸ್ಪೆಕ್ಟರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ರಾಡ್ ಮುಟ್ಟಿ ನೋಡಿದರು. ಆ ಬೀಡ್ ಪೂರ್ತಿ ಗ್ರೈಂಡ್ ಮಾಡಿ ತೆಗೆಯಿರಿ, ಓವನ್‌ನಲ್ಲಿ ಬೇಯಿಸಿದ ರಾಡ್ ಬಂದ ಮೇಲೆ ಮುಂದುವರಿಸಿ ಅಂದರು. ಮ್ಯಾನೇಜರ್ ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು. ರಾಡ್ ಬೇಯುವವರೆಗೆ ಹುಡುಗ ಅಲ್ಲಿಂದ ಏಳಲಿಲ್ಲ. ಸಂಜೆ ಹೊತ್ತಿಗೆ ಕ್ಯಾಪಿಂಗ್ ಮುಗಿಯಿತು.

ಬೆಂಡ್ ಟೆಸ್ಟ್‌ಗೆ ನಾಲ್ಕು ತುಂಡು ಕತ್ತರಿಸಿದರು. ಮೂರು ತುಂಡು ಚೊಕ್ಕವಾಗಿ ಬಗ್ಗಿದವು. ನಾಲ್ಕನೆಯದರಲ್ಲಿ ಒಂದು ಸಣ್ಣ ಗೆರೆ ಬಾಯಿ ಬಿಟ್ಟಿತು. ಇನ್‌ಸ್ಪೆಕ್ಟರ್ ಅಳತೆ ಹಿಡಿದಾಗ ನಾನು ಹುಡುಗನ ಮುಖ ನೋಡಲಿಲ್ಲ, ನನ್ನಿಂದ ಆಗಲಿಲ್ಲ. ಕೋಡ್ ಪ್ರಕಾರ 3 ಎಂಎಂವರೆಗೆ ಬಿಡುತ್ತಾರೆ. ಅದು ಒಂದರ ಹತ್ತಿರ ಇತ್ತು. ಪಾಸ್.

ಐಟಿಐ ಮುಗಿಸಿ ಬರುವ ಹುಡುಗರಿಗೆ, ಹುಡುಗಿಯರಿಗೂ, ಹೇಳುವುದಿಷ್ಟು. ಮೊದಲ ವರ್ಷ ಗ್ರೈಂಡರ್ ಕೊಟ್ಟರು ಅಂತ ಕೆಲಸ ಬಿಟ್ಟು ಓಡಬೇಡಿ. ಆದರೆ ಸುಮ್ನೆ ಉಜ್ಜುತ್ತಾ ಕೂರಬೇಡಿ. ಏನನ್ನು ಅಗೆಯುತ್ತಿದ್ದೀರಿ ಅಂತ ನೋಡಿ. ಸ್ಲ್ಯಾಗ್ ಎಲ್ಲಿ ಸಿಕ್ಕಿಕೊಂಡಿದೆ, ಫ್ಯೂಷನ್ ಎಲ್ಲಿ ಹಿಡಿದಿಲ್ಲ, ಯಾವ ವೆಲ್ಡರ್‌ನ ಯಾವ ಪೊಸಿಷನ್‌ನಲ್ಲಿ. ವೆಲ್ಡ್‌ನ ಒಳಗನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಆಮೇಲೆ ನಿಮಗೆ ಸಿಗುವುದಿಲ್ಲ. ಇಂಟರ್‌ವ್ಯೂನಲ್ಲಿ ಸಂಬಳ ಕೇಳಿದ ಮೇಲೆ, ಪ್ರಾಕ್ಟೀಸ್‌ಗೆ ಪೈಪ್, ರಾಡ್ ಕೊಡುತ್ತೀರಾ ಅಂತಲೂ ಕೇಳಿ. ಅವರು ಮುಖ ನೋಡುವ ರೀತಿಯಲ್ಲೇ ಉತ್ತರ ಗೊತ್ತಾಗುತ್ತದೆ. ಮುಂದೆ ಬಾಯ್ಲರ್ ಕೆಲಸಕ್ಕೆ ಹೋಗುವ ಆಸೆ ಇದ್ದರೆ ಐಬಿಆರ್, ಅಂದರೆ ಭಾರತದ ಬಾಯ್ಲರ್ ನಿಯಮಗಳ, ಸರ್ಟಿಫಿಕೇಟ್ ಬೇರೆಯೇ ಬೇಕು, ಅದರ ಪರೀಕ್ಷೆಯೂ ಬೇರೆ. ತಿರುಚ್ಚಿಯ ವೆಲ್ಡಿಂಗ್ ರಿಸರ್ಚ್ ಇನ್‌ಸ್ಟಿಟ್ಯೂಟ್, ನಮ್ಮಲ್ಲೇ ಇರುವ ಕರ್ನಾಟಕ ಜರ್ಮನ್ ಟೆಕ್ನಿಕಲ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಇಂಥ ಕಡೆ ತರಬೇತಿ ಸಿಗುತ್ತದೆ. ವಿಚಾರಿಸಿ.

ಇನ್ನೊಂದು ಮಾತು. ಆರ್ಕ್ ಬೆಳಕು ಹೊಡೆದು ಕಣ್ಣು ಉರಿಯುವ ರಾತ್ರಿ ಕಣ್ಣಿನ ಮೇಲೆ ಆಲೂಗಡ್ಡೆ ಇಟ್ಟುಕೊಂಡು ಮಲಗುವುದು ಸಾಕು ಮಾಡಿ, ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಹೊಗೆಯನ್ನೂ ಸಣ್ಣದು ಅಂದುಕೊಳ್ಳಬೇಡಿ. ವೆಲ್ಡಿಂಗ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2017ರಲ್ಲೇ ತೀರ್ಮಾನಿಸಿದೆ. ಎಕ್ಸಾಸ್ಟ್ ಇಲ್ಲದ ಕಡೆ ಕೇಳಿ ಹಾಕಿಸಿಕೊಳ್ಳಿ, ಮಾಸ್ಕ್ ಕೇಳಿ ಪಡೆಯಿರಿ. ಬಟ್ಟೆ ಸುತ್ತಿಕೊಂಡರೆ ಹೊಗೆ ನಿಲ್ಲುವುದಿಲ್ಲ.

ಸ್ಟೋರ್‌ನಲ್ಲಿ ಈಗ ಓವನ್ ಸ್ವಿಚ್‌ಗೆ ಬೀಗ ಬಿದ್ದಿದೆ. ಭಾನುವಾರವೂ ಉರಿಯುತ್ತದೆ. ಪ್ರಾಕ್ಟೀಸ್ ಪೈಪ್ ವಿಚಾರ ಮಾತ್ರ ಇನ್ನೂ ಹಾಗೇ ಇದೆ. ಹುಡುಗನನ್ನು ಸ್ಟ್ರಕ್ಚರ್ ಕಡೆ ಮಿಗ್ ಅನ್ನುವ ಬೇರೆ ವೆಲ್ಡಿಂಗ್ ಪ್ರೋಸೆಸ್‌ಗೆ ಹಾಕಿದ್ದಾರೆ. ಅಲ್ಲಿ ಅರ್ಜೆಂಟ್ ಅಂತೆ. ಒಂದು ಪ್ರೋಸೆಸ್‌ನಲ್ಲಿ ಆರು ತಿಂಗಳು ಕೆಲಸ ಮಾಡದಿದ್ದರೆ ಅದರ ಕ್ವಾಲಿಫಿಕೇಷನ್ ಹೋಗುತ್ತದೆ ಅಂತ ಪ್ಲಾನಿಂಗ್‌ನವರಿಗೆ ಹೇಳಿ ಹೇಳಿ ಸಾಕಾಯಿತು. ಮುಂದಿನ ವಾರದ ಪ್ರೋಸೆಸ್ ಲೈನ್‌ನಲ್ಲಿ ಟಿಗ್ ರೂಟ್, 7018 ಫಿಲ್ಲಿಂಗ್ ಇರುವ ಎರಡು ಜಾಯಿಂಟ್‌ಗೆ ಅವನ ಸ್ಟ್ಯಾಂಪ್ ನಂಬರ್ ಬರೆದು ಕಳಿಸಿದ್ದೇನೆ. ಅದನ್ನು ಅವರು ಬದಲಿಸಿದರೆ ಈ ಸಲ ನಾನು ಸುಮ್ಮನಿರುವುದಿಲ್ಲ.