ಅವ್ವನ ತಲೆಯೊಳಗಿನ ಲೆಕ್ಕ: ಆರು ವಾರಗಳ ದಾಖಲೆ

ಸಂಕ್ರಾಂತಿ ಮುಗಿದ ವಾರ ಅವ್ವನ ಬಲಗಣ್ಣಿನ ಪೊರೆ ತೆಗೆಸಿದೆವು. ಕೆಲವು ವಾರ ಒಲೆಯ ಮುಂದೆ ನಿಲ್ಲಬಾರದು, ಬಗ್ಗಿ ಭಾರ ಎತ್ತಬಾರದು ಎಂದು ವೈದ್ಯರು ಹೇಳಿದರು. ಕಲಬುರಗಿಯ ನಮ್ಮ ಐದು ಜನರ ಮನೆಯನ್ನು ನಡೆಸುವ ಕೆಲಸ ನನ್ನ ಮತ್ತು ನನ್ನ ಹೆಂಡತಿಯ ಕೈಗೆ ಬಂತು. ಮನೆಯ ಲೆಕ್ಕವೆಲ್ಲ ಅವ್ವನ ತಲೆಯಲ್ಲಿದೆ, ಕಾಗದದ ಮೇಲೆ ಒಂದಕ್ಷರವೂ ಇಲ್ಲ ಎಂಬುದು ಎರಡೇ ದಿನಕ್ಕೆ ತಿಳಿಯಿತು. ಇನ್ನೂರು ಪುಟದ ನೋಟ್‌ಬುಕ್ ತಂದು ಬರೆದುಕೊಳ್ಳಲು ಕುಳಿತೆ. ಯುಗಾದಿಯೊಳಗೆ ಮನೆಯವರಲ್ಲಿ ಯಾರೇ ಆದರೂ ಅವ್ವನನ್ನು ಕೇಳದೆ ಒಂದು ವಾರ ನಿಭಾಯಿಸುವಂತಾಗಬೇಕು.

ಮೊದಲ ವಾರ

ಸಾಮಾನು, ತೂಕ, ದರ ಎಂದು ಮೂರು ಅಂಕಣ ಹಾಕಿದ್ದೆ. ಅವ್ವ ಓದಿಸಿ ಕೇಳಿದಳು. "ಇದು ಕಿರಾಣಿ ಅಂಗಡಿಯ ಲೆಕ್ಕ. ಯಾವುದು ಯಾವಾಗ ಮುಗಿಯುತ್ತದೆ, ಅದಕ್ಕೆ ಎಷ್ಟು ದಿನ ಮೊದಲು ನಾವು ಎಚ್ಚರಾಗಬೇಕು, ಅದನ್ನು ಬರೆ" ಎಂದಳು. ಪುಟ ಹರಿದು ಹೊಸದಾಗಿ ಗೆರೆ ಎಳೆದೆ.

ಗ್ಯಾಸ್ ಸುಲಭವಿತ್ತು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ, ಒಳಗಿನ ಗ್ಯಾಸ್ 14.2 ಕಿಲೋ. ಕೊಕ್ಕೆ ತಕ್ಕಡಿಗೆ ತೂಗುಹಾಕಿ ನೋಡಿದಾಗ ದಿನಕ್ಕೆ ಸುಮಾರು 350 ಗ್ರಾಂ ಖರ್ಚಾಗುತ್ತಿತ್ತು, ಅಂದರೆ ನಲವತ್ತು ದಿನ. ಅವ್ವ ಯಾವ ತಕ್ಕಡಿಯೂ ಇಲ್ಲದೆ ಇದನ್ನೇ ಎಣಿಸುತ್ತಿದ್ದಳು: ಅಮಾವಾಸ್ಯೆಗೆ ಹಚ್ಚಿದರೆ ಮುಂದಿನ ಅಮಾವಾಸ್ಯೆ ದಾಟಿ ಹತ್ತು ದಿನ.

ಮೂರನೇ ವಾರ

ಜೋಳದಲ್ಲಿ ಎಡವಿದೆ. ನಮಗೆ ದಿನಕ್ಕೆ ಹದಿನೆಂಟು ರೊಟ್ಟಿ ಬೇಕು, ಕಿಲೋ ಹಿಟ್ಟಿಗೆ ಹದಿನಾರು ಆಗುತ್ತವೆ. ಅವ್ವ ಎಂಟು ದಿನಕ್ಕೊಮ್ಮೆ ಒಂಬತ್ತು ಕಿಲೋ ಬೀಸಿಸುತ್ತಾಳೆ. ಒಂದು ಓಡಾಟ ಉಳಿಯಲಿ ಎಂದು ನಾನು ಹದಿನೆಂಟು ಕಿಲೋ ಒಮ್ಮೆಲೇ ಗಿರಣಿಗೆ ಒಯ್ದೆ. ಬಿಸಿಲು ಏರತೊಡಗಿತ್ತು. ಹನ್ನೆರಡನೇ ದಿನ ಎಸರು ಎಷ್ಟೇ ಕುದಿಸಿ ನಾದಿದರೂ ರೊಟ್ಟಿ ಬಡಿಯುವಾಗ ಅಂಚು ಬಿರಿಯತೊಡಗಿತು, ಬಾಯಿಗಿಟ್ಟರೆ ತುಸು ಕಹಿ. ಜೋಳಕ್ಕೆ ಗೋಧಿಯಂತೆ ಅಂಟು ಇಲ್ಲ. ಹಿಟ್ಟು ಹಳೆಯದಾದಷ್ಟೂ ಇದ್ದ ಜಿಗಿಯೂ ಹೋಗುತ್ತದೆ. ಎಂಟು ದಿನ ಎಂಬುದನ್ನು ನಾನು ರೂಢಿ ಎಂದುಕೊಂಡಿದ್ದೆ, ಅದು ಹಿಟ್ಟಿನ ಆಯುಷ್ಯವಾಗಿತ್ತು. ಉಳಿದ ಹಿಟ್ಟನ್ನು ಥಾಲಿಪಟ್ಟಿಗೆ ಬಳಸಿದೆವು.

ನಾಲ್ಕು, ಐದನೇ ವಾರ

ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಪುಟ ಹಿಡಿದಿರುವುದು ನೀರು. ನಮ್ಮ ಓಣಿಯ ನಳಕ್ಕೆ ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತದೆ. ನೀರು ಬಂದ ದಿನ ಚಾದರ ಒಗೆಯುವುದು ಸರಿ ಎಂದು ನನಗೆ ಅನ್ನಿಸುತ್ತಿತ್ತು. ಅವ್ವ ಹಿಂದಿನ ದಿನವೇ ಒಗೆಸುತ್ತಾಳೆ: ಹಳೆಯ ನೀರು ಖರ್ಚಾಗುತ್ತದೆ, ಪೀಪಾಯಿ ತೊಳೆಯಲು ಬಿಡುವಾಗುತ್ತದೆ, ಹೊಸ ನೀರು ಶುದ್ಧ ಪೀಪಾಯಿಗೆ ಬೀಳುತ್ತದೆ. ಆದರೆ ಒಂದು ಹಂಡೆ ನೀರನ್ನು ಯಾರೂ ಮುಟ್ಟುವಂತಿಲ್ಲ. ಐದನೇ ವಾರ ನೀರು ಎರಡು ದಿನ ತಡವಾದಾಗ ಆ ಹಂಡೆ, ಡಬ್ಬಿಯಲ್ಲಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ) ಇವುಗಳಿಂದಲೇ ದಿನ ದೂಡಿದೆವು. ಹೆಚ್ಚು ಪಾತ್ರೆ ಬೇಡದ ಊಟವನ್ನು ಯಾಕೆ ಸದಾ ಕೂಡಿಡುತ್ತಾಳೆ ಎಂಬುದು ಆ ದಿನ ತಿಳಿಯಿತು.

ನೀರಿನ ಹೊಣೆಯನ್ನು ಹದಿನಾಲ್ಕು ವರ್ಷದ ಮಗಳಿಗೆ ಕೊಟ್ಟವಳೂ ಅವ್ವನೇ. ಒಂದು ಬೆಳಿಗ್ಗೆ ಮಗಳು ನಳ ಬಂದ್ ಮಾಡಲು ಮರೆತು ಅರ್ಧ ತಾಸು ಟ್ಯಾಂಕ್ ತುಂಬಿ ಹರಿಯಿತು. ನಾನು ಕೆಲಸವನ್ನು ವಾಪಸು ತೆಗೆದುಕೊಳ್ಳಲು ಹೊರಟಿದ್ದೆ. ಅವ್ವ ತಡೆದು, "ಇವತ್ತು ಕಸಿದುಕೊಂಡರೆ ನಾಳೆಯಿಂದ ಅವಳು ನಳದ ಕಡೆ ನೋಡುವುದೇ ಇಲ್ಲ" ಎಂದಳು. ಮಗಳು ಈಗ ಮೊಬೈಲಿನಲ್ಲಿ ಗಂಟೆ ಇಟ್ಟುಕೊಂಡಿದ್ದಾಳೆ. ಮತ್ತೆ ನೀರು ಹರಿದಿಲ್ಲ.

ಆರನೇ ವಾರ

ಹಣದ ಪುಟ ಶುರುವಾಗಿದೆ. ಸುಗ್ಗಿ ಮುಗಿದು ಜನವರಿಯಲ್ಲಿ ತೊಗರಿ ಬೇಳೆ, ಮಾರ್ಚ್‌ನಲ್ಲಿ ಹಿಂಗಾರಿ ಜೋಳ, ಆಮೇಲೆ ಒಣ ಮೆಣಸಿನಕಾಯಿ: ವರ್ಷದ ಮೂರು ದೊಡ್ಡ ಖರೀದಿಗಳೂ ಒತ್ತೊತ್ತಿಗೆ ಬರುತ್ತವೆ. ಅವ್ವ ದಸರೆಯಿಂದಲೇ ಇದಕ್ಕೆ ಹಣ ಎತ್ತಿಡುತ್ತಾಳೆ. ನಮ್ಮ ಜಿಲ್ಲೆಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ ಎಂಬ ಹೆಮ್ಮೆ ನನಗಿತ್ತು, ಆದರೆ ಅದನ್ನು ವರ್ಷವಿಡೀ ಕೆಡದಂತೆ ಇಡುವುದು ಗೊತ್ತಿರಲಿಲ್ಲ. ಬಿಸಿಲಿಗೆ ಒಣಗಿಸಿ, ಔಡಲೆಣ್ಣೆ ಸವರಿ, ಬೇವಿನ ಸೊಪ್ಪಿನೊಂದಿಗೆ ತುಂಬುವುದು. ಹಳೆಯ ಡಬ್ಬಿ ಮುಗಿಯದೆ ಹೊಸದನ್ನು ಬಿಚ್ಚುವಂತಿಲ್ಲ.

ಎರಡು ಪುಟ ಇನ್ನೂ ಖಾಲಿ ಇವೆ. ಒಂದು, ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆಗೆ ಬೀಗರು ಬಂದಾಗ ಎಷ್ಟು ಜನಕ್ಕೆ ಎಷ್ಟು ಎಂದು ಅವ್ವ ಅಳೆಯುವ ಬಗೆ. ಅವಳ ಅಳತೆ ಹಿಡಿ ಮತ್ತು ಬೊಗಸೆ. ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಕೂರಬೇಕು. ಇನ್ನೊಂದು ಜೋಳದ ಆಯ್ಕೆ. ಅವ್ವನ ಕಣ್ಣು ಈಗ ಬಿಸಿಲು ತಡೆಯುತ್ತದಂತೆ, ಬರುವ ವಾರ ಗಂಜ್ ಮಾರುಕಟ್ಟೆಗೆ ನನ್ನ ಜೊತೆ ಬರುತ್ತಾಳೆ. ಕಾಳನ್ನು ಹಲ್ಲಿನಲ್ಲಿ ಕಡಿದು ಒಣಗಿದೆಯೋ ಇಲ್ಲವೋ ಎಂದು ಹೇಗೆ ಹೇಳುತ್ತಾಳೆ ಎಂಬುದನ್ನು ಅಲ್ಲಿಯೇ ನಿಂತು ಬರೆದುಕೊಳ್ಳುತ್ತೇನೆ.