"ಆಯ್ತು ಸರ್" ಎಂಬ ಉತ್ತರ

ನಾನು ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಪಾಳಿ ಮೇಲ್ವಿಚಾರಕನಾಗಿದ್ದಾಗ ನಡೆದದ್ದು ಇದು. ತಿಂಗಳ ಕೊನೆಯ ವಾರ, ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗಲು ಇನ್ನೂ ಒಂದು ಗಂಟೆಯಿತ್ತು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇಥಿನ ಹುಡುಗ, ಕೊರೆದ ರಂಧ್ರದ (ಬೋರಿನ) ಅಳತೆ ನೋಡುವ ಪ್ಲಗ್ ಗೇಜ್ ಹಿಡಿದುಕೊಂಡು ಬಂದು, "ಸರ್, ಬೋರ್ ಸ್ವಲ್ಪ ಬಿಗಿ ಬರ್ತಾ ಇದೆ ಅನ್ಸುತ್ತೆ" ಎಂದ. ನಾನು ಗಡಿಯಾರದಿಂದ ಕಣ್ಣು ತೆಗೆಯದೆ, "ಮೊದಲು ನಂಬರ್ ಮುಗಿಸು, ಆಮೇಲೆ ನೋಡೋಣ" ಎಂದೆ. ಅವನು "ಆಯ್ತು ಸರ್" ಎಂದು ಹಿಂತಿರುಗಿದ.

ಮರುದಿನ ತಪಾಸಣೆಯಲ್ಲಿ ಆ ಪಾಳಿಯ ಮಾಲೆಲ್ಲ ನಿಂತಿತು. ಲೋಹ ಕೊರೆಯುವ ತುದಿ, ಅಂದರೆ ಇನ್‌ಸರ್ಟ್, ಸವೆದು ಬೋರಿನ ವ್ಯಾಸ ಕಡಿಮೆಯಾಗಿತ್ತು. ಪ್ರತಿಯೊಂದನ್ನೂ ಮತ್ತೆ ಲೇಥಿನ ಹಿಡಿಕೆಗೆ (ಚಕ್‌ಗೆ) ಕಟ್ಟಿ ಬೋರ್ ಮಾಡಬೇಕಾಯಿತು, ಕೇಂದ್ರ ತಪ್ಪಿದ ಕೆಲವು ಗುಜರಿಗೆ ಹೋದವು. "ಮೊದಲೇ ಯಾಕೆ ಹೇಳಲಿಲ್ಲ?" ಎಂದು ವ್ಯವಸ್ಥಾಪಕರು ಆ ಹುಡುಗನನ್ನು ಎಲ್ಲರೆದುರು ಕೇಳಿದರು. ಅವನು ನನ್ನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದ. ನಾನೂ ಬಾಯಿ ಬಿಡಲಿಲ್ಲ. ಹಾಳಾದ ಮಾಲಿಗಿಂತ ಆ ಮೌನವೇ ಇಂದಿಗೂ ನನ್ನನ್ನು ಹೆಚ್ಚು ಚುಚ್ಚುತ್ತದೆ.

ಅಲ್ಲಿಂದ ಮುಂದೆ ಆ ಹುಡುಗ ಯಾವುದಕ್ಕೂ "ಅನ್ಸುತ್ತೆ" ಎನ್ನಲಿಲ್ಲ, ಬರೀ "ಆಯ್ತು ಸರ್" ಅಷ್ಟೇ. ನಮ್ಮ ಕಚೇರಿ, ಕಾರ್ಖಾನೆಗಳಲ್ಲಿ ಈ ಎರಡು ಪದಗಳಿಗೆ "ಒಪ್ಪಿದೆ" ಎಂಬ ಅರ್ಥವಿರುವುದು ಅಪರೂಪ. "ಕೇಳಿಸಿತು", "ಇನ್ನು ವಾದ ಬೇಡ", "ಆದದ್ದಾಗಲಿ, ಹೊಣೆ ನಿಮ್ಮದು" ಎಂಬ ಅರ್ಥಗಳೇ ಹೆಚ್ಚು. ಅದನ್ನು ಶಿಸ್ತು ಎಂದು ತಿಳಿದು ಹಿಗ್ಗುವ ಮೇಲಧಿಕಾರಿ ತನ್ನ ಕಿವಿಯನ್ನು ತಾನೇ ಮುಚ್ಚಿಕೊಂಡಿರುತ್ತಾನೆ.

ಇದರ ಭೀಕರ ರೂಪ ಕಂಡದ್ದು 1977ರ ಮಾರ್ಚ್ 27ರಂದು, ಕ್ಯಾನರಿ ದ್ವೀಪಗಳ ಟೆನೆರೀಫ್‌ನಲ್ಲಿ. ಮಂಜು ಕವಿದ ರನ್‌ವೇಯಲ್ಲಿ ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಒಮ್ಮೆ ಹೊರಡಲು ಮುಂದಾದಾಗ, ಇನ್ನೂ ಅನುಮತಿ ಬಂದಿಲ್ಲವೆಂದು ಸಹ ಪೈಲಟ್ ಎಚ್ಚರಿಸಿದ. ಎರಡನೆಯ ಸಲ ಟೇಕಾಫ್‌ಗೆ ಅನುಮತಿಯಿಲ್ಲದೆ ವಿಮಾನ ಓಡಲಾರಂಭಿಸಿದಾಗ ಅವನು ತಡೆಯಲಿಲ್ಲ. ಎದುರಿನ ಪ್ಯಾನ್ ಆಮ್ ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದೊಡನೆ ಅವನೂ ಸುಮ್ಮನಾದ. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಆ ಕ್ಯಾಪ್ಟನ್ ಸಂಸ್ಥೆಯ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯ. ಅಂಥವನನ್ನು ಮತ್ತೊಮ್ಮೆ ಕೇಳುವ ಧೈರ್ಯ ಯಾರಿಗಿದ್ದೀತು? ಇಂಥ ಅಪಘಾತಗಳ ನಂತರವೇ, ಕಿರಿಯರು ಅನುಮಾನವನ್ನು ಸ್ಪಷ್ಟವಾಗಿ ಹೇಳುವುದನ್ನೂ ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನೂ ವಿಮಾನಯಾನ ಸಂಸ್ಥೆಗಳು ತರಬೇತಿಯ ಭಾಗವಾಗಿಸಿದವು. ಧೈರ್ಯವನ್ನು ಸ್ವಭಾವಕ್ಕೆ ಬಿಡದೆ ಕೆಲಸದ ಕ್ರಮವಾಗಿಸಿದ್ದು ನನಗೆ ಬಹಳ ಹಿಡಿಸಿತು. ಟೊಯೋಟಾ ಕಾರ್ಖಾನೆಗಳ ಹಗ್ಗವೂ ಅಂಥದ್ದೇ: ದೋಷ ಕಂಡ ಕೆಲಸಗಾರ ಅದನ್ನು ಎಳೆದರೆ ತಂಡದ ಮುಖ್ಯಸ್ಥ ಅವನಿದ್ದಲ್ಲಿಗೇ ಬರಬೇಕು, ಅಷ್ಟರಲ್ಲಿ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ.

ನಮ್ಮಲ್ಲಿ ಹಗ್ಗವಿರಲಿಲ್ಲ, ಪಾಳಿ ಒಪ್ಪಿಸುವ ಪುಸ್ತಕವಿತ್ತು. ಅದರಲ್ಲಿ "ಅನುಮಾನ" ಎಂದೊಂದು ಕಲಂ ಗೆರೆ ಹಾಕಿಸಿದೆ. ಮೊದಲೆರಡು ವಾರ ಎಲ್ಲರೂ "ಏನಿಲ್ಲ" ಎಂದೇ ಬರೆದರು. ನಾನೇ ಆ ಬೋರಿನ ಪ್ರಸಂಗವನ್ನು, ತಪ್ಪು ನನ್ನದೆಂದು, ನನ್ನ ಸಹಿಯೊಂದಿಗೆ ಬರೆದ ಮೇಲೆ ಒಬ್ಬ "ಕೂಲೆಂಟ್ ವಾಸನೆ ಬರುತ್ತಿದೆ" ಎಂದು ಬರೆದ. ಅಂದೇ ಆ ತಂಪು ದ್ರವದ ಟ್ಯಾಂಕ್ ತೊಳೆಸಿದೆವು.

ಏಕವಚನ ಬಿಡುವುದು ಇದಕ್ಕಿಂತ ಕಷ್ಟವಾಯಿತು. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದ ಫಿಟ್ಟರ್ ಒಬ್ಬರನ್ನೂ ರೂಢಿಯಂತೆ "ನೀನು" ಎನ್ನುತ್ತಿದ್ದೆ. ಒಂದು ಬೆಳಿಗ್ಗೆ "ನೀವು ಏನಂತೀರಿ?" ಎಂದು ಕೇಳಿದಾಗ ಅವರು ಸ್ಪ್ಯಾನರ್ ಕೆಳಗಿಟ್ಟು, "ಯಾಕೆ ಸರ್, ನನ್ನ ಮೇಲೆ ಸಿಟ್ಟಾ?" ಎಂದರು. ಸಿಟ್ಟಿಲ್ಲವೆಂದು ನಂಬಿಸಲು ಒಂದು ತಿಂಗಳು ಹಿಡಿಯಿತು. ಆಮೇಲೊಂದು ದಿನ ಅವರೇ ನನ್ನನ್ನು ಕರೆದು, ನಾನು ಹಾಕಿಕೊಟ್ಟಿದ್ದ ಕೆಲಸದ ಕ್ರಮವನ್ನು ತೋರಿಸಿ, "ಇದು ಆಗಲ್ಲ ಸರ್" ಎಂದರು.