ಸೌದೆ ರಾಶಿಯಲ್ಲಿ ಸಿಕ್ಕ ಮಾಸಿಕ್

'ಚಟ್' ಅಂತ ಒಂದು ಸದ್ದು. ಮೂರು ಸಂಜೆ ಕೂತು ಕೆತ್ತಿದ್ದ ಮಾಸಿಕ್ ಸೀಳಿಹೋಗಿತ್ತು.

ಮಾಸಿಕ್ ಅಂದ್ರೆ ತಿಂಗಳ ಪತ್ರಿಕೆ ಅಲ್ಲ. ಗ್ರೀನ್‌ಲ್ಯಾಂಡಿನ ಕಯಾಕ್ ದೋಣಿಯಲ್ಲಿ ಕೂರುವ ಜಾಗದ ಮುಂದೆ ಕಮಾನಿನ ಹಾಗೆ ಬಾಗಿರುವ ಅಡ್ಡಪಟ್ಟಿ. ಅದಕ್ಕೆ ತೊಡೆ ಒತ್ತಿ ಹಿಡಿದರೇನೇ ದೋಣಿ ನಮ್ಮ ಮಾತು ಕೇಳೋದು. ಮಗುಚಿಕೊಂಡಾಗ ಮತ್ತೆ ಮೇಲೇಳೋಕೂ ಅದೇ ಆಧಾರ.

ಸಿಯಾಟಲ್‌ನ ನಮ್ಮ ಗ್ಯಾರೇಜಿನಲ್ಲಿ ಆ ಚಳಿಗಾಲ ಪೂರ್ತಿ ಅಂಥದ್ದೊಂದು ಕಯಾಕ್ ಕಟ್ಟೋದೇ ಕೆಲಸ. ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು. ಈ ದೋಣಿಯನ್ನು ಕೂರುವವರ ಮೈ ಅಳತೆಗೇ ಕಟ್ಟುತ್ತಾರೆ. ಉದ್ದ ಸುಮಾರು ಮೂರು ಮಾರು. ಅಗಲ ಸೊಂಟದಷ್ಟು, ಮೇಲೆ ಎರಡು ಮುಷ್ಟಿ. ಊರಲ್ಲಿ ಹೂವಿನವಳು ಕೈ ಚಾಚಿ ಅಳೆಯುತ್ತಿದ್ದಳಲ್ಲ, ಅದೇ ಮಾರು! ನನ್ನದು 1.7 ಮೀಟರ್. ಹಾಗಾಗಿ ದೋಣಿ 5.1 ಮೀಟರ್.

ಮೊದಲು ಸೀಡರ್ ಮರದ ಎರಡು ಉದ್ದ ಹಲಗೆ. ತುದಿಗಳನ್ನು ಹಗ್ಗದಿಂದ ಬಿಗಿದು, ನಡುವೆ ಚೌಕಟ್ಟು ಕೊಟ್ಟು ಅಗಲಿಸಬೇಕು. ಆಮೇಲೆ ಅಡ್ಡಪಟ್ಟಿಗಳು. ಪ್ರತಿ ಪಟ್ಟಿಯ ತುದಿಯಲ್ಲಿ ಒಂದು ನಾಲಿಗೆ, ಹಲಗೆಯಲ್ಲಿ ಅದಕ್ಕೊಂದು ತೂತು. ಕಬ್ಬಿಣದ ಮೊಳೆ ಇಲ್ಲ, ಮರದ ಗೂಟ ಮತ್ತು ದಾರ ಮಾತ್ರ. ಅಲೆ ಬಂದಾಗ ಚೌಕಟ್ಟು ಸ್ವಲ್ಪ ಬಳುಕಬೇಕಲ್ವಾ? ಹಲಗೆಗಳು ಹೊರಕ್ಕೆ ವಾಲಿರುವುದರಿಂದ ತೂತನ್ನೂ ಓರೆಯಾಗಿಯೇ ಕೊರೆಯಬೇಕು. ಮೊದಲ ದಿನ ಉಳಿ, ಕೊಡತಿ ಹಿಡಿದು ಎರಡೇ ಎರಡು ತೂತು ಮುಗಿಸಿದೆ. ಹೆಂಡತಿ ಬಂದು ನೋಡಿ, "ಇದು ದೋಣಿನಾ, ಏಣಿನಾ?" ಅಂದಳು. ನಿಜ, ಏಣಿಯ ಹಾಗೇ ಇತ್ತು.

ಏಣಿ ಸಾಲದೆಂದು ತಿರುಚಿಕೊಂಡೂ ಇತ್ತು. ಮುಂದೊಂದು ಹಿಂದೊಂದು ನೇರ ಕಡ್ಡಿ ಇಟ್ಟು ಒಂದೇ ಕಣ್ಣಲ್ಲಿ ನೋಡಿದರೆ ಮುಂದಿನದರ ಎಡತುದಿ ಮೇಲೆದ್ದಿತ್ತು. ಹಗ್ಗ ಸಡಿಲಿಸಿ, ಮೂಲೆಯಿಂದ ಮೂಲೆಗೆ ಎಳೆದು ಕಟ್ಟಿ ಸರಿಮಾಡಿದೆ.

ಮಾಸಿಕ್ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ. ನೇರ ಹಲಗೆಯಿಂದ ಕಮಾನು ಕತ್ತರಿಸಿದ್ದೆ. ಆಕಾರ ಬಾಗಿತ್ತು, ನಾರು ಮಾತ್ರ ನೇರ. ಬಾಗಿನ ಹತ್ತಿರ ನಾರು ತುಂಡಾಗಿ ಬಲ ಹೋಗಿತ್ತು. ಮಂಡಿಯಿಂದ ಒತ್ತಿದ್ದೇ ತಡ, ಸೀಳು. ಗ್ರೀನ್‌ಲ್ಯಾಂಡಿನಲ್ಲಿ ಮರಗಳು ತೀರಾ ಕಡಿಮೆ. ಸೈಬೀರಿಯದ ನದಿಗಳಿಂದ ಹೊರಟು, ಮಂಜುಗಡ್ಡೆಯ ಜೊತೆ ತೇಲಿಬಂದ ಮರವೇ ಅಲ್ಲಿಯವರಿಗೆ ಗತಿ. ಅದರಲ್ಲೇ ಸೊಟ್ಟಗಿನ ತುಂಡು ಆರಿಸಿ ಮಾಸಿಕ್ ಮಾಡುತ್ತಿದ್ದರು. ನಾನು ಅದನ್ನು ಓದಿದ್ದೆ, ಬಡತನದ ಉಪಾಯ ಅಂದುಕೊಂಡಿದ್ದೆ. ಎಂಥ ದಡ್ಡತನ!

ಅಜ್ಜ ನೇಗಿಲು ಮಾಡಿಸಲು ಆಚಾರಿ ಜೊತೆ ಹೊಲದ ಬದುವಿನಲ್ಲಿ ಜಾಲಿ ಮರಗಳನ್ನು ನೋಡುತ್ತಾ ತಿರುಗುತ್ತಿದ್ದರು. ಮರ ತಾನೇ ಬಾಗಿದ ಕೊಂಬೆ ಸಿಗುವವರೆಗೂ ಕೊಡಲಿ ಎತ್ತುತ್ತಿರಲಿಲ್ಲ. ಹಿಂದೆ ಹಿಂದೆ ಓಡುತ್ತಿದ್ದ ನನಗೆ ಕಾಲು ನೋವಾಗಿದ್ದು ಬಿಟ್ಟು ಬೇರೇನೂ ತಲೆಗೆ ಹತ್ತಿರಲಿಲ್ಲ.

ಮರುದಿನ ಪಕ್ಕದ ಮನೆಯ ಹಿರಿಯರ ಸೌದೆ ರಾಶಿ ಕೆದಕಿದೆ. ಹಿಂದಿನ ವರ್ಷ ಕಡಿದ ಸೇಬಿನ ಮರದ ಒಂದು ಕೊಂಬೆ, ಬಿಲ್ಲಿನ ಹಾಗೆ. ಒಲೆಗೆ ಹಾಕೋದನ್ನು ಯಾಕೆ ಹೊತ್ತುಕೊಂಡು ಹೋಗ್ತೀಯ ಅಂತ ಅವರು ನಕ್ಕರು. ಸೇಬಿನ ಮರ ಕಲ್ಲಿನಂಥದ್ದು. ಉಳಿಯನ್ನು ಮೂರು ಸಲ ಮಸೆದೆ. ಆಮೇಲೆ ದೋಣಿಯ ತಳಕ್ಕೆ ಬರುವ, ಪಕ್ಕೆಲುಬಿನಂಥ ಬಾಗಿದ ಪಟ್ಟಿಗಳ ದಪ್ಪಕ್ಕೆ ಒಂದು ಹಲಗೆ ಹಾಕಿಕೊಂಡು ಚೌಕಟ್ಟಿನೊಳಗೆ ಕೂತೆ. ತೊಡೆ ಮಾಸಿಕ್‌ಗೆ ತಾಗಿತು. ಗಟ್ಟಿಯಾಗಿ ಒತ್ತಿದೆ. ಸದ್ದಿಲ್ಲ.

ಸಂಜೆ ಹಿರಿಯರ ಮನೆ ಕಡೆ ಹೋಗಿ, ಮುರಿದ ಸೀಡರ್ ಮಾಸಿಕ್ ಅನ್ನು ಅದೇ ರಾಶಿಗೆ ಸೇರಿಸಿ ಬಂದೆ.